ಮಾಚನೂರಿನ ಬಾನುಲಿ: ಗಡಿನಾಡಿನ ಪ್ರಸಾರ ಚರಿತ್ರೆಯ ಒಂದು ಅಧ್ಯಾಯ

ಕೊಹೀರ್, ಜಹೀರಾಬಾದ್, ನಾರಾಯಣಖೇಡ, ತಾಂಡೂರು ಭಾಗದ ರೇಡಿಯೊ ಚರಿತ್ರೆಯನ್ನು ಇಂದಿನ ರಾಜ್ಯಗಳ ಗಡಿಯೊಳಗೆ ಕೂಡಿಸಿ ಬರೆಯಲಾಗದು. ನಿಜಾಮರ ಆಳ್ವಿಕೆಯಲ್ಲಿ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ ಜಿಲ್ಲೆಗೂ ತಾಂಡೂರು ಕಲಬುರಗಿ ಜಿಲ್ಲೆಗೂ ಸೇರಿದ್ದವು. 1935ರಲ್ಲಿ ಹೈದರಾಬಾದಿನಲ್ಲಿ 200 ವ್ಯಾಟ್ ಶಕ್ತಿಯ ಪುಟ್ಟ ನಿಲಯವೊಂದು ಆರಂಭವಾಯಿತು. ಅದೇ ವರ್ಷ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದ್ದರು. ಹೈದರಾಬಾದಿನ ನಿಲಯ ಮುಂದೆ ನಿಜಾಮ ಸರಕಾರದ ಡೆಕ್ಕನ್ ರೇಡಿಯೊ ಎನಿಸಿತು. ಅಲ್ಲಿ ಉರ್ದುವಿಗೇ ಪಟ್ಟ. ತೆಲುಗು, ಮರಾಠಿ, ಕನ್ನಡಗಳಿಗೆ ಸಿಕ್ಕಿದ್ದು ಪಾಲು ಮಾತ್ರ. 1950ರ ಏಪ್ರಿಲ್ 1ರಂದು ನಿಲಯವು ಭಾರತ ಸರಕಾರದ ವಶವಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ, ಕಲಬುರಗಿಗಳು ಮೈಸೂರು ರಾಜ್ಯಕ್ಕೆ ಬಂದರೂ ಈ ಪ್ರದೇಶಗಳು ಆಂಧ್ರ ಪ್ರದೇಶಕ್ಕೆ ಸೇರಿದವು. 1966ರಲ್ಲಿ ಕಲಬುರಗಿಯಲ್ಲಿ ಆಕಾಶವಾಣಿ ನಿಲಯ ಸ್ಥಾಪನೆಯಾಯಿತು. ಮಧ್ಯಮ ತರಂಗಕ್ಕೆ ತಹಸೀಲಿನ ಗೆರೆ ತಿಳಿಯದು. ಆಡಳಿತವು ಕಡಿದ ಸಂಬಂಧವನ್ನು ಬಾನುಲಿ ಅಷ್ಟಿಷ್ಟು ಉಳಿಸಿಕೊಂಡಿತೆನ್ನಬಹುದು.

ಆದರೆ ದೂರದಿಂದ ಬರುವ ಧ್ವನಿಗೆ ಒಂದು ಮಿತಿಯಿದೆ: ಕೇಳುವವರು ಕೇಳುತ್ತಲೇ ಇರಬೇಕು. ಈ ಮಿತಿಯನ್ನು ಪ್ರಶ್ನಿಸಿದ ಪ್ರಯೋಗವು ಜಹೀರಾಬಾದಿನ ಸೀಮೆಯಲ್ಲೇ ನಡೆಯಿತು. ಕೇತಕಿ ಸಂಗಮೇಶ್ವರನ ಝರಾಸಂಗಕ್ಕೆ ಸಮೀಪದ ಮಾಚನೂರು ಅದರ ನೆಲೆ.

ಪ್ರಯೋಗದ ಹಿಂದಿದ್ದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ 1983ರಲ್ಲಿ ಆರಂಭವಾಗಿ ಪಸ್ತಾಪುರದಲ್ಲಿ ನೆಲೆ ನಿಂತಿತು. ಅದರ ಸ್ಥಾಪಕರಲ್ಲಿ ಪ್ರಮುಖರಾದ ಪಿ.ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿದವರು, ದೂರದರ್ಶನದಲ್ಲಿ ನಿರ್ಮಾಪಕರಾಗಿದ್ದವರು. 1975-76ರಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ತಲುಪಿಸಿದ ‘ಸೈಟ್’ ಪ್ರಯೋಗದಲ್ಲಿ ಅವರು ದುಡಿದಿದ್ದರು. ಕಲಬುರಗಿ ಮತ್ತು ಮೆದಕ್ ಜಿಲ್ಲೆಗಳೆರಡೂ ಆ ಪ್ರಯೋಗದ ವ್ಯಾಪ್ತಿಯಲ್ಲಿದ್ದವು. ಆಕಾಶದಿಂದ ಹಳ್ಳಿಗೆ ಇಳಿಯುತ್ತಿದ್ದ ಮಾತು ಹಳ್ಳಿಯಿಂದ ಮೇಲೇರುವ ದಾರಿ ಮಾತ್ರ ಅದರಲ್ಲಿ ಇರಲಿಲ್ಲ. ಪಸ್ತಾಪುರದ ಮಾಧ್ಯಮ ಕಾರ್ಯವು ಈ ಕೊರತೆಗೆ ಉತ್ತರದಂತೆ ಕಾಣುತ್ತದೆ. ಸೊಸೈಟಿಯ ಮಹಿಳಾ ಸಂಘಗಳಲ್ಲಿ ಇದ್ದವರು ಹೆಚ್ಚಾಗಿ ದಲಿತ ಸಮುದಾಯದ ಸಣ್ಣ ರೈತ ಹೆಣ್ಣುಮಕ್ಕಳು. ಜೋಳ, ತೊಗರಿ, ನವಣೆ, ಸಾವೆಗಳನ್ನು ಒಂದೇ ಹೊಲದಲ್ಲಿ ಕೂಡಿಸಿ ಬಿತ್ತುವವರು, ಬೀಜವನ್ನು ಮನೆಯಲ್ಲೇ ಕಾಪಿಡುವವರು. ಬರೆಯಲು ಬಾರದ ಅನೇಕರು ಕ್ಯಾಮೆರಾ ಹಿಡಿಯಲು ಕಲಿತರು.

1995ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕ್ರಿಕೆಟ್ ಪಂದ್ಯಗಳ ಪ್ರಸಾರ ಕುರಿತ ವ್ಯಾಜ್ಯದಲ್ಲಿ, ಪ್ರಸಾರ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ತೀರ್ಪಿತ್ತಿತು. ಕ್ರಿಕೆಟ್ಟಿನ ಜಗಳದಿಂದ ರೈತ ಹೆಣ್ಣುಮಕ್ಕಳ ಹಕ್ಕು ಹೊರಟಿದ್ದು ಚರಿತ್ರೆಯ ವಿನೋದಗಳಲ್ಲಿ ಒಂದು. ಯುನೆಸ್ಕೊ ನೆರವಿನಿಂದ 1998ರ ಹೊತ್ತಿಗೆ ಮಾಚನೂರಿನಲ್ಲಿ ನಿಲಯ ಸಜ್ಜಾಯಿತು. ಪರವಾನಗಿ ಬರಲಿಲ್ಲ. ತೀರ್ಪು ಹಕ್ಕನ್ನು ಸಾರಿತ್ತು. ಅದನ್ನು ಚಲಾಯಿಸುವ ನಿಯಮ ಇರಲಿಲ್ಲ.

ಮುಂದಿನ ಹತ್ತು ವರ್ಷಗಳೇ ಈ ಚರಿತ್ರೆಯ ಸಾರವತ್ತಾದ ಭಾಗ. ನಿಲಯ ಸುಮ್ಮನೆ ಕೂಡಲಿಲ್ಲ. ಹಾಡು, ಬೇಸಾಯದ ಅನುಭವ, ಮನೆಮದ್ದು, ಚರ್ಚೆಗಳನ್ನು ಧ್ವನಿಮುದ್ರಿಸಿ, ಕ್ಯಾಸೆಟ್ಟುಗಳನ್ನು ಹಳ್ಳಿಗಳ ಸಂಘದ ಸಭೆಗಳಿಗೆ ಒಯ್ದು ಕೇಳಿಸಲಾಯಿತು. ಗಾಳಿಯ ದಾರಿ ಮುಚ್ಚಿದ್ದಾಗ ಕಾಲುದಾರಿ ತೆರೆದಿತ್ತು. ಕೇಳಿದವರು ಎದುರಿಗೇ ಇದ್ದುದರಿಂದ ಮೆಚ್ಚುಗೆಯೂ ಆಕ್ಷೇಪವೂ ಅಲ್ಲಲ್ಲೇ ತಿಳಿಯುತ್ತಿದ್ದವು. ದೊಡ್ಡ ನಿಲಯಗಳಿಗೆ ಈ ಅನುಕೂಲ ಎಂದೂ ಇರಲಿಲ್ಲ. ಇದೇ ಕಾಲದಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಬೇರೊಂದು ಉಪಾಯ ಹೂಡಿತು. ನಿಸ್ತಂತು ಪ್ರಸಾರಕ್ಕೆ ಅನುಮತಿ ಇಲ್ಲದ್ದರಿಂದ, ಟಿ.ವಿ. ಕೇಬಲ್ಲಿನ ತಂತಿಯಲ್ಲೇ ಕನ್ನಡ ಧ್ವನಿಯನ್ನು ಮನೆಮನೆಗೆ ಹರಿಸಿತು. ತಂತ್ರಜ್ಞಾನಕ್ಕೆ ಹೊಂದಿಕೊಳ್ಳುವುದೆಂದರೆ ಹೊಸತನ್ನು ಕೊಳ್ಳುವುದಷ್ಟೇ ಅಲ್ಲ, ಹಳೆಯದನ್ನು ಬಗ್ಗಿಸುವುದೂ ಹೌದು.

2004ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ನಿಲಯ ಮೊದಲಾಯಿತು. ಆಗಿನ ನೀತಿ ವಿದ್ಯಾಸಂಸ್ಥೆಗಳಿಗೆ ಮಾತ್ರ ಬಾಗಿಲು ತೆರೆದಿತ್ತು. ಓದು ಬಲ್ಲವರಿಗೆ ಗಾಳಿ ಸಿಕ್ಕಿತು, ಉಳಿದವರು ಕಾದರು. 2006ರ ನವೆಂಬರಿನ ನೀತಿಯು ಸ್ವಯಂಸೇವಾ ಸಂಸ್ಥೆಗಳನ್ನೂ ಒಳಗೊಂಡಿತು: ಪ್ರಸಾರ ಶಕ್ತಿ 100 ವ್ಯಾಟ್, ಸ್ತಂಭದ ಎತ್ತರ 30 ಮೀಟರ್, ಕಾರ್ಯಕ್ರಮಗಳಲ್ಲಿ ಅರ್ಧವಾದರೂ ಸ್ಥಳೀಯರದೇ, ಸುದ್ದಿಗೆ ನಿಷೇಧ. 2008ರ ಅಕ್ಟೋಬರ್ 15ರಂದು ‘ಸಂಘಂ ರೇಡಿಯೊ’ 90.4 ಮೆಗಾಹರ್ಟ್ಸ್‌ನಲ್ಲಿ ಪ್ರಸಾರ ಆರಂಭಿಸಿತು. ಉದ್ಘಾಟಿಸಿದವರು 1995ರ ತೀರ್ಪನ್ನು ಬರೆದವರಲ್ಲೊಬ್ಬರಾದ ನ್ಯಾಯಮೂರ್ತಿ ಪಿ.ಬಿ. ಸಾವಂತ್. ನಿಲಯ ನಡೆಸಿದವರು ‘ಜನರಲ್’ ನರಸಮ್ಮ ಮತ್ತು ಆಲ್ಗೋಲ್ ನರಸಮ್ಮ. ಸಂಜೆ ಎರಡು ಗಂಟೆಗಳ ಆ ಪ್ರಸಾರದಲ್ಲಿ ಕೇಳಿಬಂದದ್ದು ಪಠ್ಯದ ತೆಲುಗಲ್ಲ, ಹೊಲದ ತೆಲುಗು. ಬಾನುಲಿಗೆ ತಕ್ಕುದಲ್ಲವೆಂದು ಎಣಿಸಲಾಗಿದ್ದ ಮಾತು ಮೈಕಿನ ಮುಂದೆ ತಲೆಯೆತ್ತಿತು.

ಆಮೇಲಿನ ಬದಲಾವಣೆ ಕೇಳುಗರ ಕಡೆಯಿಂದ ಬಂತು. ರೇಡಿಯೊ ಪೆಟ್ಟಿಗೆಯ ಜಾಗಕ್ಕೆ ಎಫ್.ಎಂ. ಇದ್ದ ಅಗ್ಗದ ಮೊಬೈಲ್ ಬಂತು. ಆಗ ಸಣ್ಣ ನಿಲಯಗಳಿಗೆ ಅನುಕೂಲವೇ ಆಯಿತು. ಬಳಿಕ ಬಂದ ಸ್ಮಾರ್ಟ್‌ಫೋನುಗಳಲ್ಲಿ ಹಲವು ಎಫ್.ಎಂ. ಸೌಲಭ್ಯವನ್ನೇ ಬಿಟ್ಟವು. ಅದನ್ನು ಉಳಿಸಿಕೊಳ್ಳಬೇಕೆಂದು ಕೇಂದ್ರ ಸರಕಾರ 2023ರಲ್ಲಿ ತಯಾರಕರಿಗೆ ಸಲಹೆ ನೀಡಬೇಕಾಯಿತು. ಅತ್ತ ಆಕಾಶವಾಣಿಯು ಕನ್ನಡ ನಿಲಯಗಳೂ ಸೇರಿದಂತೆ ತನ್ನ ನೂರಾರು ವಾಹಿನಿಗಳನ್ನು ಮೊಬೈಲ್ ಆ್ಯಪಿನಲ್ಲಿ ಇರಿಸಿದೆ. ಕೊಹೀರಿನ ಮನೆಯೊಂದರಲ್ಲಿ ಧಾರವಾಡವನ್ನೋ ಬೆಂಗಳೂರನ್ನೋ ಸ್ಪಷ್ಟವಾಗಿ ಕೇಳಲು ಈಗ ತಾಂತ್ರಿಕ ಅಡ್ಡಿಯಿಲ್ಲ. ಗಡಿನಾಡ ಕನ್ನಡಿಗರಿಗೆ ಇದು ಸಣ್ಣ ಲಾಭವಲ್ಲ. ಆದರೂ ಅಲ್ಲಿ ಬರುವುದು ಧಾರವಾಡದ, ಬೆಂಗಳೂರಿನ ಕನ್ನಡ. ತೆಲುಗು, ದಖನಿ, ಮರಾಠಿಗಳೊಡನೆ ಒಂದೇ ಸಂತೆಯಲ್ಲಿ ಬೆಳೆದ ಕೊಹೀರ್ ಸೀಮೆಯ ಕನ್ನಡ ಆ ವಾಹಿನಿಗಳಲ್ಲಿ ಹೊರಗಿನದೇ. ಮಾಚನೂರಿನ ಹೆಣ್ಣುಮಕ್ಕಳಿಗೆ ಹೈದರಾಬಾದಿನ ತೆಲುಗು ಹೇಗಿತ್ತೋ ಇದೂ ಹಾಗೆಯೇ.

2006ರ ನೀತಿ ರಾಜ್ಯಭಾಷೆಯಲ್ಲಿ ಪ್ರಸಾರ ಮಾಡಬೇಕೆಂದು ಹೇಳಲಿಲ್ಲ. ಸ್ಥಳೀಯ ಭಾಷೆ ಮತ್ತು ಉಪಭಾಷೆಗಳಿಗೆ ಆದ್ಯತೆ ಎಂದಿತು. ಆ ಮಾತಿನ ಬಲದ ಮೇಲೆ ದಖ್ಖನಿನ ತೆಲುಗಿಗೆ ಮಾಚನೂರಿನಲ್ಲಿ ಒಂದು ಸ್ತಂಭ ನಿಂತಿತು. ಪಿ.ವಿ. ಸತೀಶ್ 2023ರ ಮಾರ್ಚ್ 19ರಂದು ತೀರಿಕೊಂಡರು. ಮೈಸೂರಿನ ಕನ್ನಡಿಗರೊಬ್ಬರು ತೆಲುಗು ಹೊಲಗಳ ಮಾತಿಗಾಗಿ ದಶಕ ಕಾದುದನ್ನು ಗಡಿಯ ಕನ್ನಡದ ಬಗ್ಗೆ ಯೋಚಿಸುವವರು ಗಮನಿಸಬೇಕು. ಅದೇ ನೀತಿ, ಅದೇ 100 ವ್ಯಾಟ್, ಈ ಸೀಮೆಯ ಕನ್ನಡಕ್ಕೂ ಅನ್ವಯಿಸುತ್ತಿತ್ತು.