ವೀಸಾ, ವಾಸ ಪರವಾನಗಿ ವಂಚನೆ ಮತ್ತು ದೇಶಗಳ ನಡುವಿನ ಸಹಕಾರ

ಸುಳ್ಳು ಮಾಹಿತಿ, ನಕಲಿ ದಾಖಲೆ ಅಥವಾ ಬೇರೊಬ್ಬರ ಗುರುತು ಬಳಸಿ ಪರದೇಶದ ಪ್ರವೇಶಾನುಮತಿ ಪಡೆಯುವುದು ವೀಸಾ ವಂಚನೆ. ಹೀಗೆಯೇ ಅಲ್ಲಿ ನೆಲೆಸುವ ಅನುಮತಿ ಪಡೆಯುವುದು ಅಥವಾ ವಿಸ್ತರಿಸಿಕೊಳ್ಳುವುದು ವಾಸ ಪರವಾನಗಿ ವಂಚನೆ. ಖೋಟಾ ವೀಸಾ ಅಂಟಿಸುವುದು ಇದರ ಒಂದು ಬಗೆ ಮಾತ್ರ. ನಕಲಿ ಅಂಕಪಟ್ಟಿ, ಇಲ್ಲದ ಕಂಪನಿಯ ನೇಮಕ ಪತ್ರ ತೋರಿಸಿ ಅಸಲಿ ವೀಸಾವನ್ನೇ ಪಡೆದರೆ ಹಿಡಿಯುವುದು ಕಷ್ಟ. ಕಾಗದ ಹುಟ್ಟುವುದು ಒಂದು ದೇಶದಲ್ಲಿ, ಅದನ್ನು ನಂಬಬೇಕಾದವರು ಇರುವುದು ಇನ್ನೊಂದರಲ್ಲಿ. ಸಹಕಾರ ಬೇಕಾಗುವುದು ಈ ಅಂತರದಿಂದಾಗಿ.

ಮೈಸೂರು ವೀಸಾ ವ್ಯವಹಾರದ ಎರಡೂ ತುದಿಗಳನ್ನು, ಅಂದರೆ ಬರುವವರನ್ನೂ ಹೊರಡುವವರನ್ನೂ, ಕಂಡ ಊರು. ಕೆ. ಪಟ್ಟಾಭಿ ಜೋಯಿಸರು 1948ರಲ್ಲಿ ಲಕ್ಷ್ಮೀಪುರಂನಲ್ಲಿ ಆರಂಭಿಸಿದ ಯೋಗಶಾಲೆ ಮುಂದೆ ಗೋಕುಲಂಗೆ ಹೋಯಿತು. ಅದನ್ನು ಹುಡುಕಿಕೊಂಡು ಪರದೇಶದವರು ಬಂದರು. ವಿಶ್ವವಿದ್ಯಾನಿಲಯಕ್ಕೂ ವಿದೇಶಿ ವಿದ್ಯಾರ್ಥಿಗಳು ಬರುತ್ತಾರೆ. ಅಗ್ರಹಾರದಂಥ ಹಳೆಯ ಬಡಾವಣೆಯಲ್ಲಿ ಮಹಡಿ ಮನೆಯನ್ನು ವಿದೇಶಿಯರಿಗೆ ಬಾಡಿಗೆಗೆ ಕೊಡುವ ಮಾಲೀಕರೂ ಕಾನೂನಿನ ಸರಪಳಿಯ ಒಂದು ಕೊಂಡಿ. ಅತಿಥಿ ಬಂದ 24 ಗಂಟೆಯೊಳಗೆ ಪಾಸ್‌ಪೋರ್ಟ್, ವೀಸಾ ವಿವರಗಳನ್ನು ಆನ್‌ಲೈನ್‌ನಲ್ಲಿ ತುಂಬಿಸಬೇಕು. ‘ಸಿ’ ಫಾರಂ ಎಂದೇ ಇದು ಪ್ರಚಲಿತ. 180 ದಿನ ಮೀರಿದ ವೀಸಾದಲ್ಲಿ ಬಂದವರು ಸಾಮಾನ್ಯವಾಗಿ 14 ದಿನದೊಳಗೆ ನೋಂದಣಿ ಮಾಡಿಸಿಕೊಳ್ಳಬೇಕು. 2018ರಿಂದ ಈ ಕೆಲಸವೂ ಆನ್‌ಲೈನ್‌ನಲ್ಲೇ ನಡೆಯುತ್ತಿದೆ. ಪ್ರವಾಸಿ ವೀಸಾದಲ್ಲಿ ಬಂದು ಅಲ್ಪಾವಧಿಯ ಯೋಗ ಕಲಿಯಬಹುದು, ಸಂಬಳಕ್ಕೆ ದುಡಿಯುವಂತಿಲ್ಲ. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಹಳೆಯ ನಾಲ್ಕು ಕಾಯ್ದೆಗಳ ಜಾಗ ಹಿಡಿದಿದೆ. ಖೋಟಾ ಪಾಸ್‌ಪೋರ್ಟ್, ವೀಸಾಗಳಿಗೆ ಅದು 2ರಿಂದ 7 ವರ್ಷ ಸೆರೆ, 1ರಿಂದ 10 ಲಕ್ಷ ರೂಪಾಯಿ ದಂಡ ವಿಧಿಸುತ್ತದೆ.

ಇಲ್ಲಿಂದ ಹೊರಡುವವರ ಕಾಗದಗಳಿಗೆ ಅನೇಕ ವೇಳೆ ಅಪೊಸ್ಟಿಲ್ ಎಂಬ ದೃಢೀಕರಣ ಮುದ್ರೆ ಬೇಕಾಗುತ್ತದೆ. ಇದಕ್ಕೆ ಆಧಾರವಾದ 1961ರ ಹೇಗ್ ಒಪ್ಪಂದ ಭಾರತಕ್ಕೆ ಅನ್ವಯವಾದದ್ದು 2005ರ ಜುಲೈ 14ರಂದು. ರಾಜ್ಯದ ದೃಢೀಕರಣ ಮುಗಿದ ಮೇಲೆ ವಿದೇಶಾಂಗ ಸಚಿವಾಲಯವು ಪದವಿ ಪ್ರಮಾಣಪತ್ರದ ಹಿಂಬದಿಯಲ್ಲಿ ಕ್ರಮಸಂಖ್ಯೆಯುಳ್ಳ ಚೀಟಿ ಅಂಟಿಸುತ್ತದೆ. ಆದರೆ ಅದು ಸಹಿ ಮತ್ತು ಮೊಹರಿಗೆ ಸಾಕ್ಷಿಯೇ ಹೊರತು ಒಳಗಿನ ಅಂಕಗಳಿಗಲ್ಲ. ಅವುಗಳ ನಿಜಾಂಶ ತಿಳಿಯಲು ಪದವಿ ಕೊಟ್ಟ ವಿಶ್ವವಿದ್ಯಾನಿಲಯವನ್ನೇ ಕೇಳಬೇಕು. ಕೆನಡಾ ಕಲಿತ ಪಾಠವೂ ಇದೇ: 2023ರಲ್ಲಿ ಭಾರತೀಯ ವಿದ್ಯಾರ್ಥಿಗಳ ನಕಲಿ ಪ್ರವೇಶಪತ್ರಗಳ ಹಗರಣ ಬಯಲಾದ ಮೇಲೆ, ಆ ವರ್ಷದ ಡಿಸೆಂಬರ್ 1ರಿಂದ ಅಲ್ಲಿನ ಸರ್ಕಾರ ಪ್ರತಿ ಪ್ರವೇಶಪತ್ರವನ್ನೂ ಅದನ್ನು ಕೊಟ್ಟ ಕಾಲೇಜಿನಿಂದಲೇ ಖಚಿತಪಡಿಸಿಕೊಳ್ಳುತ್ತಿದೆ.

ಪಾಸ್‌ಪೋರ್ಟಿನ ತಪಾಸಣೆಗೆ ಜಗತ್ತಿಗೆಲ್ಲ ಒಂದೇ ಮಾನದಂಡವಿದೆ. ಫೋಟೋ ಇರುವ ಪುಟದ ಕೆಳಗೆ ತಲಾ 44 ಅಕ್ಷರಗಳ ಎರಡು ಸಾಲುಗಳಿರುತ್ತವೆ. ಅವುಗಳಲ್ಲಿ ಜನ್ಮದಿನದ ಪಕ್ಕದ ಅಂಕಿ ಒಂದು ಲೆಕ್ಕದ ಫಲ. ದಿನಾಂಕ 1975ರ ಆಗಸ್ಟ್ 15 ಆಗಿದ್ದರೆ 750815 ಎಂದು ಬರೆದು, ಅಂಕಿಗಳನ್ನು ಕ್ರಮವಾಗಿ 7, 3, 1, 7, 3, 1ರಿಂದ ಗುಣಿಸಿ ಕೂಡಿದರೆ 128. ಹತ್ತರಿಂದ ಭಾಗಿಸಿದಾಗ ಉಳಿಯುವ 8 ಅಲ್ಲಿರಬೇಕು. ದಿನಾಂಕವೊಂದನ್ನೇ ತಿದ್ದಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಲೆಕ್ಕ ಗೊತ್ತಿದ್ದವರು ಇದನ್ನೂ ದಾಟಬಲ್ಲರು. ಹಾಗಾಗಿ ಪಾಸ್‌ಪೋರ್ಟಿನೊಳಗಿನ ಚಿಪ್‌ನಲ್ಲಿ ಡಿಜಿಟಲ್ ಸಹಿ ಬಂತು. ಕಳುವಾದ ಪಾಸ್‌ಪೋರ್ಟುಗಳ ಪಟ್ಟಿಯನ್ನು ಇಂಟರ್‌ಪೋಲ್ 2002ರಿಂದ ನಿರ್ವಹಿಸುತ್ತಿದೆ. ಯಾವ ದೇಶವಾದರೂ ಕಳವಿನ ಮಾಹಿತಿ ಸೇರಿಸಲು ತಡಮಾಡಿದರೆ ಅಷ್ಟರ ಮಟ್ಟಿಗೆ ಪಟ್ಟಿ ಉಪಯೋಗಕ್ಕೆ ಬಾರದು.

ವಂಚನೆಗೆ ಒಳಗಾಗುವವರು ಅನೇಕ ವೇಳೆ ವೀಸಾ ಪಡೆದವರೇ. 2023–24ರಲ್ಲಿ ಕಲಬುರಗಿಯ ಕೆಲವು ಯುವಕರು ಒಳ್ಳೆಯ ಕೆಲಸದ ಮಾತು ನಂಬಿ ರಷ್ಯಾಕ್ಕೆ ಹೋಗಿ ಸೇನೆಯಲ್ಲಿ ಸಿಲುಕಿದರು. 2024ರ ಮಾರ್ಚ್‌ನಲ್ಲಿ ಸಿಬಿಐ ಈ ಜಾಲದ ಮೇಲೆ ದಾಳಿ ನಡೆಸಿತು, ಜುಲೈನಲ್ಲಿ ಮಾಸ್ಕೋದಲ್ಲಿ ಪ್ರಧಾನಿ ವಿಷಯ ಪ್ರಸ್ತಾಪಿಸಿದರು, ಸೆಪ್ಟೆಂಬರ್‌ನಲ್ಲಿ ಆ ಯುವಕರು ಊರಿಗೆ ಮರಳಿದರು. 1983ರ ವಲಸೆ ಕಾಯ್ದೆಯಡಿ, ಹತ್ತನೇ ತರಗತಿ ಪಾಸಾಗದವರು ಕೆಲಸಕ್ಕೆ ಹೋಗುವ ಮುನ್ನ ಅನುಮತಿ ಪಡೆಯಬೇಕಾದ 18 ದೇಶಗಳಿವೆ. ರಷ್ಯಾ ಆ ಪಟ್ಟಿಯಲ್ಲಿಲ್ಲ. ಏಜೆಂಟರಿಗೆ ಇಂಥ ಸಂದು ಸಾಕು. 2025ರ ಜನವರಿಯಲ್ಲಿ ಬಂದ ‘ಭಾರತ್‌ಪೋಲ್’ ಜಾಲತಾಣದ ಮೂಲಕ ರಾಜ್ಯ ಪೊಲೀಸರು ಸಿಬಿಐ ಮಾರ್ಗವಾಗಿ ಇಂಟರ್‌ಪೋಲ್ ನೆರವು ಕೋರಬಹುದು.

ಮಾಹಿತಿ ತಾಳೆ ನೋಡುವ ಯಂತ್ರಗಳಿಗೆ ಕನ್ನಡಿಗರ ಹೆಸರೇ ಒಂದು ತೊಡಕು. ಮನೆತನದ ಹೆಸರಿಲ್ಲದೆ ಊರು, ತಂದೆಯ ಹೆಸರಿನ ಮೊದಲಕ್ಷರ ಹಚ್ಚುವವರಿಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಪೂರ್ಣ ಹೆಸರು ಇರುತ್ತದೆ. ಇಡೀ ಹೆಸರು ಮನೆತನದ ಹೆಸರಿನ ಜಾಗದಲ್ಲೇ ನಮೂದಾಗಿದ್ದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರು ‘ಎಫ್‌ಎನ್‌ಯು’ ಎಂದಾಗುತ್ತದೆ. ಮೊದಲ ಹೆಸರು ತಿಳಿಯದು ಎಂಬುದು ಇದರ ಅರ್ಥ. ಎರಡು ಕಡೆಯ ದಾಖಲೆ ಹೊಂದಿಕೆಯಾಗದೆ ಪ್ರಾಮಾಣಿಕರೂ ಶಂಕೆಗೆ ಗುರಿಯಾಗುವುದುಂಟು. ಆಗ ನೋಟರಿಯ ಮುಂದೆ ಹೋಗಿ, ಎರಡೂ ಹೆಸರಿನವರು ಒಬ್ಬರೇ ಎಂದು ಅಫಿಡವಿಟ್ ಮಾಡಿಸಬೇಕಾಗುತ್ತದೆ.