ನೀಲಗಿರಿಯ ದಾರಿ: ಎರಡು ದಿನದ ಸವಾರಿಗೆ ಮುನ್ನ

ಶನಿವಾರ ಬೆಳಿಗ್ಗೆ ಮೈಸೂರನ್ನು ಬಿಟ್ಟು, ಭಾನುವಾರ ಸಂಜೆಗೆ ಹಿಂದಿರುಗುವಂತೆ ಮೋಟಾರು ಸೈಕಲ್ಲಿನ ಮೇಲೆ ಉದಕಮಂಡಲಕ್ಕೆ ಹೋಗಿಬರಬೇಕೆಂದು ಎಣಿಸುವ ತರುಣರು ನಮ್ಮಲ್ಲಿ ಬಹುಮಂದಿ ಇರುವರು. ಅವರು ಮೊದಲು ಪೆಟ್ರೋಲಿನ ಲೆಕ್ಕ ಹಾಕುತ್ತಾರೆ. ಆಮೇಲೆ ಮಳೆಯ ಸುದ್ದಿಯನ್ನು ವಿಚಾರಿಸುತ್ತಾರೆ. ದಾರಿಯ ಚರಿತ್ರೆಯನ್ನು ಕೇಳುವವರು ಕಡಮೆ. ಆದರೆ ಯಾವ ಹೊತ್ತಿಗೆ ಹೊರಡಬೇಕು, ಎಲ್ಲಿ ನಿಲ್ಲಬಾರದು, ಕತ್ತಲೆಯಾಗುವ ಮೊದಲು ಎಲ್ಲಿ ಇರಬೇಕು ಎಂಬ ಪ್ರಶ್ನೆಗಳಿಗೆ ಈ ದಾರಿಯಲ್ಲಿ ಉತ್ತರ ಕೊಡತಕ್ಕದ್ದು ಚರಿತ್ರೆಯೇ ಆಗಿದೆ.

ನಮ್ಮ ನಾಡಿಗೂ ಆ ಬೆಟ್ಟಗಳಿಗೂ ಇರುವ ನಂಟು ಆಂಗ್ಲರಿಂದ ಮೊದಲಾದುದಲ್ಲ. ವಿಷ್ಣುವರ್ಧನನ ದಂಡನಾಯಕನಾದ ಪುಣಿಸನು ತೋದವರನ್ನು ಬೆದರಿಸಿ ನೀಲಾದ್ರಿಯನ್ನು ಹಿಡಿದ ಸಂಗತಿಯನ್ನು ಚಾಮರಾಜನಗರದ 1117ರ ಶಾಸನವು ತಿಳಿಸುತ್ತದೆ. ಮುಂದೆ ಮೈಸೂರು ಸೀಮೆಯಿಂದ ವಲಸೆ ಹೋದ ಬೇಸಾಯಗಾರರು ಅಲ್ಲಿ ಬಡಗರೆನಿಸಿಕೊಂಡರು. ಬಡಗು ಎಂದರೆ ಉತ್ತರವಷ್ಟೆ. ಅವರ ಮಾತು ಕನ್ನಡದ ಒಡಹುಟ್ಟು.

ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ನರು 1819ರಲ್ಲಿ ಬೆಟ್ಟವನ್ನು ಹತ್ತಿದ ಮೇಲೆ, ಬಯಲಿನ ಬೇಗೆಗೆ ಬಳಲಿದ ದೊರೆಗಳಿಗೆಲ್ಲ ಅದು ಆರೋಗ್ಯಧಾಮವಾಯಿತು. 1834ರಲ್ಲಿ ಮೆಕಾಲೆಯವರು ಮದರಾಸಿನಿಂದ ಬೆಂಗಳೂರು, ಮೈಸೂರುಗಳ ಮಾರ್ಗವಾಗಿ ಉದಕಮಂಡಲಕ್ಕೆ ಬಂದರು. ಸುಮಾರು ನಾನೂರು ಮೈಲಿಗಳ ಆ ಪ್ರಯಾಣವೆಲ್ಲವೂ ಬೋಯಿಗಳ ಹೆಗಲ ಮೇಲೆ ನಡೆಯಿತು. ಮೆಕಾಲೆಯ ಹೆಸರನ್ನು ನಮ್ಮ ಶಾಲೆಯ ಹುಡುಗರೆಲ್ಲ ಬಲ್ಲರು. ಹೆಗಲು ಕೊಟ್ಟವರ ಹೆಸರನ್ನು ಯಾರು ಬಲ್ಲರು? ಮೈಸೂರಿನ ಕಡೆಯಿಂದ ಏರುವ ಸೀಗೂರು ಘಟ್ಟದ ರಸ್ತೆ ಆ ದಶಕದಲ್ಲಿಯೇ ರೂಪುಗೊಂಡಿತು.

ಮೇಲೆ ಆರೋಗ್ಯವಿದ್ದುದು ನಿಜ. ಅದನ್ನು ಮುಟ್ಟಬೇಕಾದರೆ ಬೆಟ್ಟದ ಬುಡದ ಕಾಡನ್ನು ದಾಟಬೇಕಾಗಿತ್ತು. ಅಲ್ಲಿ ಕಾದಿದ್ದುದು ಚಳಿಜ್ವರ. ತಪ್ಪಲಿನಲ್ಲಿ ರಾತ್ರಿ ತಂಗುವುದೆಂದರೆ ಪ್ರಯಾಣಿಕರು ನಡುಗುತ್ತಿದ್ದರು. ಕೆಟ್ಟ ಗಾಳಿಯಿಂದ ಜ್ವರ ಬರುವುದೆಂಬುದು ಅಂದಿನ ನಂಬಿಕೆ. ಬೆಂಗಳೂರಿನಲ್ಲಿ ಕಾಲರಾ ನಿವಾರಣೆಯ ಕೆಲಸದಲ್ಲಿದ್ದ ರೊನಾಲ್ಡ್ ರಾಸ್ ಎಂಬ ವೈದ್ಯರು 1897ರ ಬೇಸಗೆಯಲ್ಲಿ ರಜೆ ಪಡೆದು ಬಂದು, ಇದೇ ಸೀಗೂರು ಘಟ್ಟದ ಜ್ವರವನ್ನು ಪರೀಕ್ಷಿಸಲು ತೊಡಗಿದರು. ಜ್ವರ ಅವರನ್ನೇ ಹಿಡಿಯಿತು. ಆದರೂ ರೆಕ್ಕೆಯಲ್ಲಿ ಚುಕ್ಕೆಗಳಿದ್ದು, ಗೋಡೆಯ ಮೇಲೆ ಹಿಂಭಾಗವನ್ನೆತ್ತಿ ಕೂರುವ ಒಂದು ಬಗೆಯ ಸೊಳ್ಳೆಯನ್ನು ಅವರು ಅಲ್ಲಿ ಕಂಡುಕೊಂಡರು. ಅದೇ ವರ್ಷ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ, ಅಂಥ ಚುಕ್ಕೆರೆಕ್ಕೆಯ ಸೊಳ್ಳೆಯ ಹೊಟ್ಟೆಯಲ್ಲಿಯೇ ಅವರಿಗೆ ಮಲೇರಿಯಾದ ಬೀಜಾಣು ದೊರೆಯಿತು. 1902ರ ನೊಬೆಲ್ ಬಹುಮಾನದ ಹಿಂದೆ ನಮ್ಮ ಘಟ್ಟದ ಒಂದು ಸೊಳ್ಳೆಯೂ ಇದೆಯೆಂದರೆ ಅತಿಶಯೋಕ್ತಿಯಲ್ಲ.

1953ರಲ್ಲಿ ಮಲೇರಿಯಾ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಜ್ವರ ಹಿಮ್ಮೆಟ್ಟಿತು. ಯಾವ ಭಯವು ರಾತ್ರಿಯ ಹೊತ್ತು ಕಾಡನ್ನು ಕಾಡಿನ ಪಾಲಿಗೆ ಬಿಟ್ಟಿದ್ದಿತೋ ಆ ಭಯವೂ ಅದರೊಡನೆ ಹೋಯಿತು. ಲಾರಿಗಳು ಬಂದವು, ಹಗಲಿರುಳೆನ್ನದೆ ಓಡಿದವು. ಆನೆ, ಜಿಂಕೆ, ಚಿರತೆಗಳು ದೀಪದ ಬೆಳಕಿಗೆ ಕಣ್ಣು ಕೋರೈಸಿ ಗಾಲಿಗಳಿಗೆ ಸಿಕ್ಕಿ ಸತ್ತವು. ಕಡೆಗೆ 2009ರಲ್ಲಿ ಬಂಡೀಪುರದ ದಾರಿಯನ್ನು ರಾತ್ರಿ 9 ಗಂಟೆಯಿಂದ ಬೆಳಿಗ್ಗೆ 6ರವರೆಗೆ ಮುಚ್ಚುವ ಆಜ್ಞೆಯಾಯಿತು. ಗಡಿಯಾಚೆಯ ವ್ಯಾಪಾರಿಗಳು ಇದಕ್ಕೆ ನೊಂದುಕೊಂಡರು. ಅವರ ನೋವು ಸುಳ್ಳಲ್ಲ, ಕೊಳೆಯುವ ಸರಕನ್ನು ಹೊತ್ತವನಿಗೆ ಒಂದು ರಾತ್ರಿ ದೊಡ್ಡದು. ಆದರೂ ಒಂಬತ್ತು ಗಂಟೆಗಳ ಆ ಕತ್ತಲನ್ನು ಮೃಗಗಳಿಗೆ ಹಿಂದಕ್ಕೆ ಕೊಟ್ಟದ್ದು ನ್ಯಾಯವೆಂದೇ ನನ್ನ ಅಭಿಪ್ರಾಯ. ಸೀಗೂರು ಪ್ರದೇಶದ ಆನೆದಾರಿಯಲ್ಲಿ ಎದ್ದ ವಸತಿಗೃಹಗಳ ವಿಷಯದಲ್ಲಿಯೂ ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಆನೆಯ ಪಕ್ಷವನ್ನೇ ಎತ್ತಿಹಿಡಿಯಿತು.

ಇನ್ನು ಸವಾರಿಯ ಮಾತು. ಗುಂಡ್ಲುಪೇಟೆ ಮೈಸೂರಿನಿಂದ ಸುಮಾರು 60 ಕಿಲೋಮೀಟರು. ಬೆಳಿಗ್ಗೆ ಏಳಕ್ಕೆ ಅಲ್ಲಿ ಉಪಾಹಾರ ಮುಗಿಸಿದರೆ ಕಾಡನ್ನು ತಂಪು ಹೊತ್ತಿನಲ್ಲಿ ದಾಟಬಹುದು. ಕಾಡಿನೊಳಗೆ ಚಿತ್ರ ತೆಗೆಯಲೆಂದು ಎಲ್ಲಿಯೂ ಇಳಿಯಬಾರದು. ತೆಪ್ಪಕಾಡಿನಲ್ಲಿ ದಾರಿ ಕವಲೊಡೆಯುತ್ತದೆ. ಎಡಕ್ಕೆ ಮಸಿನಗುಡಿಯ ಮೇಲೆ ಹೋಗುವುದು ಹತ್ತಿರ, ಆದರೆ 36 ಕಡಿದಾದ ತಿರುವುಗಳುಳ್ಳದ್ದು. ಅಪಘಾತಗಳ ದೆಸೆಯಿಂದ ಅಲ್ಲಿ ನಿರ್ಬಂಧಗಳು ಬದಲಾಗುತ್ತಿರುವುವು. ನೀಲಗಿರಿಯ ಪ್ರವೇಶಕ್ಕೆ 2024ರ ಮೇ ತಿಂಗಳಿನಲ್ಲಿ ಇ-ಪಾಸಿನ ಏರ್ಪಾಡೂ ಬಂದಿತು. ಇವೆರಡನ್ನೂ ಹೊರಡುವ ಹಿಂದಿನ ದಿನವೇ ವಿಚಾರಿಸಿಕೊಳ್ಳತಕ್ಕದ್ದು.

ಯಾದವಗಿರಿಯ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಗಾಡಿಗಳನ್ನು ಇನ್ನೂ ಮಗುವಿನಂತೆ ಸಾಕುವವರು ಮೈಸೂರಿನಲ್ಲುಂಟು. ಅವರಿಗೊಂದು ಮಾತು: ಆ ಎಂಜಿನ್ನಿಗೆ ಎಣ್ಣೆ ಹೋಗುವುದು ಪೆಟ್ರೋಲಿನ ಜೊತೆಯಲ್ಲಿ. ಉದ್ದವಾದ ಇಳಿಜಾರಿನಲ್ಲಿ ಪೆಟ್ರೋಲನ್ನು ಪೂರ್ತಿ ತಡೆದರೆ ಎಣ್ಣೆಯೂ ತಡೆಯುತ್ತದೆ. ಆದಕಾರಣ ನಡುನಡುವೆ ಸ್ವಲ್ಪ ತಿರುವಿ ಕೊಡಬೇಕು. ಗಾಡಿಯನ್ನು ಹಿಡಿಯುವ ಶಕ್ತಿಯೂ ಆ ಎಂಜಿನ್ನಿಗೆ ಕಡಮೆ. ಬ್ರೇಕುಗಳನ್ನು ಹೊರಡುವ ಮುನ್ನವೇ ನೋಡಿಸಿಕೊಳ್ಳಲಿ.

ಭಾನುವಾರ ಗೂಡಲೂರಿನ ದಾರಿಯಲ್ಲಿ ಇಳಿಯುವುದು ಮೇಲು. ನಡುವೆ ಸಿಗುವ ನಡುವಟ್ಟಂ ಎಂಬ ಊರಿನಲ್ಲಿ ಒಂದು ಗಳಿಗೆ ನಿಲ್ಲಿ. 1860ರ ದಶಕದಲ್ಲಿ ಸಿಂಕೋನಾ ತೋಟಗಳೆದ್ದುದು ಅಲ್ಲಿ. ಜ್ವರಕ್ಕೆ ಔಷಧವಾದ ಕ್ವಿನೈನು ಆ ಮರದ ತೊಗಟೆಯಿಂದ ಬರುತ್ತಿತ್ತು. ಆದರೆ ಹೆಚ್ಚು ತಡಮಾಡಬೇಡಿ. ಸಂಜೆ ನಾಲ್ಕಕ್ಕೆ ತೆಪ್ಪಕಾಡನ್ನು ಬಿಟ್ಟರೆ, ಆನೆಗಳು ರಸ್ತೆಗೆ ಬರುವ ಮುಸ್ಸಂಜೆಯ ಹೊತ್ತಿಗೆ ನೀವು ಗುಂಡ್ಲುಪೇಟೆಯಲ್ಲಿ ಕಾಫಿ ಕುಡಿಯುತ್ತಿರುವಿರಿ.