ಉಡದ ಮರಿ (ಸಂಖ–ಜತ್ತ ಸೀಮೆ)

ವರಾನಸ್ ಬೆಂಗಾಲೆನ್ಸಿಸ್ ಎಂಬ ಶಾಸ್ತ್ರೀಯ ಹೆಸರಿನ ಉಡದ ಎಳೆಯ ಹಂತ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆ, ಜತ್ತ ತಾಲೂಕಿನ ಸಂಖ ಮತ್ತು ಸುತ್ತಲಿನ ಕನ್ನಡ ಹಳ್ಳಿಗಳ ಒಣಬೇಸಾಯದ ಹೊಲ, ಹಳ್ಳ, ಕುರಿ ಮೇಯುವ ಮಾಳಗಳು ಅದರ ಸಹಜ ನೆಲೆ. ದಕ್ಷಿಣ ಅಮೆರಿಕದ ಟೆಗು ಹಲ್ಲಿಯ ಮರಿಯನ್ನು ಸಾಕಲು ಬಯಸುವವರು ಅದರಲ್ಲಿ ಮೆಚ್ಚುವ ಚುರುಕು, ಕುತೂಹಲ, ದೊಡ್ಡ ಮೈ ಎಲ್ಲವೂ ಉಡಕ್ಕಿದೆ. ಆದರೆ ಉಡವನ್ನು ಸಾಕುವುದು ಭಾರತದಲ್ಲಿ ಶಿಕ್ಷಾರ್ಹ ಅಪರಾಧ. ಆದ್ದರಿಂದ ಈ ಲೇಖನದಲ್ಲಿ ಟೆಗು ಮರಿಯ ಸಾಕಣೆಯನ್ನೂ, ಕೈಗೆ ಸಿಕ್ಕ ಉಡದ ಮರಿಯನ್ನು ಏನು ಮಾಡಬೇಕೆಂಬುದನ್ನೂ ಬೇರೆ ಬೇರೆಯಾಗಿ ಹೇಳಿದೆ.

ಗುರುತು

ಮರಿಯ ಬೆನ್ನು ಕಂದು ಬಣ್ಣದ್ದು. ಅದರ ಮೇಲೆ ಹಳದಿ ಚುಕ್ಕೆಗಳು, ಅಡ್ಡಲಾಗಿ ಕಪ್ಪು ಪಟ್ಟೆಗಳು. ಹೊಟ್ಟೆ ಬಿಳಿಚಿಕೊಂಡಿದ್ದು ಅಲ್ಲಿಯೂ ಗಾಢ ಅಡ್ಡಗೆರೆಗಳಿರುತ್ತವೆ. ಬೆಳೆದಂತೆ ಈ ಚಿತ್ತಾರವೆಲ್ಲ ಮಾಸಿ ಮೈ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಮೂಗಿನ ಹೊಳ್ಳೆ ದುಂಡಗಿಲ್ಲ. ಅದು ಮೂತಿಯ ತುದಿಗೂ ಕಣ್ಣಿಗೂ ನಡುವೆ ಓರೆಯಾದ ಸೀಳಿನಂತಿದೆ. ಹಾಗಾಗಿ ಮಣ್ಣು ಕೆದರುವಾಗ ಕಸ ಒಳಗೆ ಹೋಗದು. ನಾಲಿಗೆ ಹಾವಿನದರಂತೆ ಎರಡಾಗಿ ಸೀಳಿದೆ.

ಬಣ್ಣದ ಈ ವ್ಯತ್ಯಾಸವೇ ಮರಿಯ ಪಾಲಿಗೆ ಮೃತ್ಯುವಾಗಿದೆ. ಚುಕ್ಕೆಯ ಮರಿ ಬೇರೆಯೇ ಜಂತು, ಕಚ್ಚಿದರೆ ಉಳಿಗಾಲವಿಲ್ಲ ಎಂಬ ನಂಬಿಕೆ ದೇಶದ ಹಲವೆಡೆ ಬೇರೂರಿದೆ. ಉತ್ತರ ಭಾರತದಲ್ಲಿ ಬಿಸ್‌ಕೋಬ್ರಾ ಎಂದು ಹೆದರಿ ಹೊಡೆಯುವುದು ಬಹುಮಟ್ಟಿಗೆ ಈ ಮರಿಯನ್ನೇ. ಹಾವಿನ ವಿಷದಂತೆ ಮನುಷ್ಯನ ಜೀವ ತೆಗೆಯುವ ವಿಷ ಮರಿಗಿಲ್ಲ. ಬೆಳೆದ ಉಡ ಕಚ್ಚಿದರೆ ಮಾತ್ರ ಆಳವಾದ ಗಾಯವಾಗಬಹುದು, ಸೋಂಕು ತಗಲಬಹುದು.

ಹುಟ್ಟು ಮತ್ತು ಬೆಳವಣಿಗೆ

ಉಡಗಳು ಕೂಡುವುದು, ಮೊಟ್ಟೆಯಿಡುವುದು ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ. ಹೆಣ್ಣು ನೆಲದಲ್ಲೋ, ಹಳ್ಳದ ದಂಡೆಯಲ್ಲೋ, ಕೆಲವೊಮ್ಮೆ ಗೆದ್ದಲ ಹುತ್ತದಲ್ಲೋ ಗುಂಡಿ ತೋಡಿ ಸುಮಾರು 20 ಮೊಟ್ಟೆ ಇಟ್ಟು, ಮಣ್ಣು ಮುಚ್ಚಿ, ಮೂತಿಯಿಂದ ಒತ್ತಿ ಗಟ್ಟಿ ಮಾಡುತ್ತದೆ. ಬಳಿಯಲ್ಲಿ ಬರಿಯ ಗುಂಡಿಗಳನ್ನೂ ತೋಡುವುದುಂಟು. ಮೊಟ್ಟೆಗಳ್ಳರ ಕಣ್ಣು ತಪ್ಪಿಸಲು ಇರಬಹುದು. ಮರಿ ಹೊರಬರಲು ಐದೂವರೆಯಿಂದ ಎಂಟು ತಿಂಗಳಿಗೂ ಹೆಚ್ಚು ಕಾಲ ಬೇಕು. ಅಂದರೆ ಮಳೆಗಾಲದಲ್ಲಿ ಹೊಲದ ಒಡ್ಡಿನೊಳಗೆ ಸೇರಿದ ಮೊಟ್ಟೆ ಹಿಂಗಾರಿ ಜೋಳ ಬಿತ್ತಿ ಬೆಳೆದು ರಾಶಿಯಾಗುವ ತನಕವೂ ಅಲ್ಲೇ ಇರುತ್ತದೆ. ಜೆಸಿಬಿ ತಂದು ಹಳೆಯ ಒಡ್ಡನ್ನು ಕಿತ್ತು ಹೊಲ ಸಮ ಮಾಡುವಾಗ ಗೂಡು ಹಾಳಾಗುವ ಸಂಭವ ಹೆಚ್ಚಿರುವುದು ಇದರಿಂದಲೇ.

ತಾಯಿ ಮರಿಗಳನ್ನು ಸಲಹುವುದಿಲ್ಲ. ಹುಟ್ಟಿದ ದಿನದಿಂದಲೇ ಮರಿ ತನ್ನ ಅನ್ನ ತಾನೇ ಹುಡುಕಬೇಕು. ದೊಡ್ಡವು ಹೆಚ್ಚಾಗಿ ನೆಲದ ಮೇಲಿದ್ದರೆ ಮರಿಗಳು ಮರ ಹತ್ತುವುದು ಜಾಸ್ತಿ. ಮಿಡತೆ, ದುಂಬಿ, ಮರಿಹುಳುಗಳಿಂದ ಆರಂಭವಾಗುವ ಆಹಾರ ಮುಂದೆ ಚೇಳು, ಏಡಿ, ಇಲಿ, ಹಕ್ಕಿಯ ಮೊಟ್ಟೆಯವರೆಗೆ ಹಿಗ್ಗುತ್ತದೆ. ಬೆಳೆದ ಉಡ ಬಾಲವೂ ಸೇರಿ ಒಂದೂಮುಕ್ಕಾಲು ಮೀಟರ್ ಉದ್ದವಾಗಬಲ್ಲದು.

ಘೋರ್ಪಡೆ ಮನೆತನ ಮತ್ತು ಕೋಟೆಯ ಕಥೆ

ಮರಾಠಿಯಲ್ಲಿ ಉಡಕ್ಕೆ ಘೋರ್ಪಡ್ ಎನ್ನುತ್ತಾರೆ. ಮುಧೋಳ ಸಂಸ್ಥಾನವನ್ನು ಆಳಿದ ಘೋರ್ಪಡೆಯವರಿಗೆ ಈ ಹೆಸರು ಬಂದ ಬಗೆಯನ್ನು ಮನೆತನದ ಪರಂಪರೆ ಹೀಗೆ ಹೇಳುತ್ತದೆ: ಬಹಮನಿ ಮಂತ್ರಿ ಮಹಮೂದ್ ಗವಾನ್ 1471ರ ಸುಮಾರಿಗೆ ಖೇಳಣಾ ಕೋಟೆಯನ್ನು, ಅಂದರೆ ಇಂದಿನ ವಿಶಾಳಗಡವನ್ನು, ಮುತ್ತಿದಾಗ ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಗೋಡೆಗೆ ಬಿಟ್ಟು, ಆ ಹಗ್ಗ ಹಿಡಿದು ಸೈನಿಕರು ಮೇಲೇರಿದರು, ಅದಕ್ಕೆ ಮೆಚ್ಚಿ ಸುಲ್ತಾನ ಈ ಮನೆತನಕ್ಕೆ ಘೋರ್ಪಡೆ ಎಂಬ ಬಿರುದು ಕೊಟ್ಟ. ಆಧಾರವಾಗಿ ತೋರಿಸುವ ಮುಧೋಳದ ಫರ್ಮಾನುಗಳ ನೈಜತೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. 1670ರಲ್ಲಿ ಶಿವಾಜಿಯ ಸೇನಾನಿ ತಾನಾಜಿ ಮಾಲುಸರೆ ಸಿಂಹಗಡ ಹತ್ತಿದ ಪ್ರಸಂಗದಲ್ಲೂ ಇಂಥದೇ ಉಡ ಬರುತ್ತದೆ. ಯಶವಂತಿ ಎಂಬ ಆ ಉಡದ ಕಥೆ ಪೊವಾಡ ಎಂಬ ಮರಾಠಿ ವೀರಗೀತೆಗಳ ಮೂಲಕ ಮನೆಮಾತಾಯಿತು.

ಪ್ರಾಣಿಯ ದೇಹವನ್ನು ಬಲ್ಲವರಿಗೆ ಈ ಕಥೆ ಪೂರ್ತಿ ಒಪ್ಪಿಗೆಯಾಗುವುದು ಕಷ್ಟ. ಉಡದ ಉಗುರು ಕಲ್ಲಿನ ಸಂದಿಗೆ ಸಿಕ್ಕರೆ, ಅದು ಮೈ ಉಬ್ಬಿಸಿ ಬಿಲದಲ್ಲಿ ಬಿಗಿದುಕೊಂಡರೆ ಎಳೆದು ತೆಗೆಯಲಾಗದು. ಉಡದ ಪಟ್ಟು ಎಂಬ ಮಾತಿಗೆ ಅರ್ಥವಿದೆ. ಆದರೂ ಕೆಲವೇ ಕಿಲೋ ತೂಗುವ ಪ್ರಾಣಿ ಆಯುಧ ಸಹಿತನಾದ ಮನುಷ್ಯನನ್ನು ಬಯಲು ಗೋಡೆಯಲ್ಲಿ ತಾಳಿಕೊಳ್ಳುವುದು ಅಸಂಭವ. ತೆಳುವಾದ ದಾರವೊಂದನ್ನು ಮೇಲಕ್ಕೆ ಒಯ್ಯಲು ಬಳಸಿದ್ದಿರಬಹುದು ಎಂಬಷ್ಟಕ್ಕೆ ಅವಕಾಶವಿದೆ. ಈ ಸೀಮೆಯಲ್ಲಿ ಉಡದ ಮೇಲಿರುವ ಗೌರವಕ್ಕೆ ಈ ಕಥೆಯ ಪಾಲು ದೊಡ್ಡದು. ಅದರ ಪ್ರಾಣ ಉಳಿಸಲು ಆ ಗೌರವ ಸಾಕಾಗಿಲ್ಲ. ಮಾಂಸ, ಸಂಧಿನೋವಿನ ಎಣ್ಣೆ, ಖಂಜಿರ ಮತ್ತು ಗೋವೆಯ ಘುಮಟದಂಥ ವಾದ್ಯಗಳ ಚರ್ಮಕ್ಕಾಗಿ ಬೇಟೆ ಬಹುಕಾಲ ನಡೆಯಿತು. ಗಂಡು ಉಡದ ಜನನಾಂಗವನ್ನು ಒಣಗಿಸಿ, ಹತ್ತಾ ಜೋಡಿ ಎಂಬ ಅದೃಷ್ಟದ ಬೇರೆಂದು ನಂಬಿಸಿ ಮಾರುವ ದಂಧೆ 2017ರಲ್ಲಿ ಬಯಲಾಯಿತು.

ಟೆಗು ಮರಿಯ ಸಾಕಣೆ

1802ರಲ್ಲಿ ಫ್ರೆಂಚ್ ವಿಜ್ಞಾನಿ ದೋದಾಂ ಉಡವನ್ನು ಮೊದಲು ವಿವರಿಸಿದಾಗ ಅಂದು ಟೆಗುಗಳ ಕುಲವಾಗಿದ್ದ ಟುಪಿನಾಂಬಿಸ್‌ನಲ್ಲೇ ಸೇರಿಸಿದ್ದ. ಹತ್ತಿರದ ಬಂಧುಗಳಲ್ಲದಿದ್ದರೂ ಒಂದೇ ಬಗೆಯ ಬದುಕು ಎರಡಕ್ಕೂ ಒಂದೇ ಬಗೆಯ ಮೈ ಕೊಟ್ಟಿದೆ. ಸಾಕುವವರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕಪ್ಪು–ಬಿಳಿ ಟೆಗು, ಸಾಲ್ವೇಟರ್ ಮೆರಿಯಾನೇ. ಇದರ ಎಳೆಮರಿಯ ತಲೆ, ಕತ್ತು ಹಸಿರಾಗಿದ್ದು ಬೆಳೆದಂತೆ ಆ ಹಸಿರು ಹೋಗುತ್ತದೆ.

ಹೊಸದಾಗಿ ಬಂದ ಮರಿಯನ್ನು ಮೊದಲ ವಾರ ಎತ್ತಬಾರದು. ಮಣ್ಣಿನೊಳಗೆ ಹುದುಗಿ ಕೂತರೆ ಕೆದಕಿ ತೆಗೆಯಬಾರದು. ಅದಕ್ಕಾಗಿಯೇ ತೋಡಿಕೊಳ್ಳುವಷ್ಟು ಆಳದ ಒದ್ದೆ ಮಣ್ಣು ಹಾಕಿರಬೇಕು. ಪೆಟ್ಟಿಗೆಯ ಒಂದು ಬದಿಯಲ್ಲಿ ಬಿಸಿಲು ಕಾಯುವ ಕಲ್ಲಿನ ಮೇಲ್ಮೈ 45 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಇನ್ನೊಂದು ಬದಿ 25ರ ಹತ್ತಿರ ಇರಬೇಕು. ಬೇಕಾದಾಗ ಬಿಸಿಗೂ ಬೇಡವಾದಾಗ ತಂಪಿಗೂ ಮರಿ ತಾನೇ ಹೋಗುತ್ತದೆ. ಬಿಸಿ ಸಾಲದಿದ್ದರೆ ತಿಂದದ್ದು ಜೀರ್ಣವಾಗದು. ಗಾಳಿಯ ತೇವ ಶೇ. 70ರ ಸುತ್ತ ಬೇಕು. ಜತ್ತದ ಬೇಸಿಗೆಯ ಒಣಗಾಳಿಯಲ್ಲಿ ಇದೇ ಎಲ್ಲಕ್ಕಿಂತ ಕಠಿಣ. ತೇವ ಕಡಿಮೆಯಾದರೆ ಪೊರೆ ಸರಿಯಾಗಿ ಕಳಚದೆ ಬೆರಳು, ಬಾಲದ ತುದಿಗೆ ಉಂಗುರದಂತೆ ಬಿಗಿದು, ರಕ್ತ ನಿಂತು ಆ ಭಾಗವೇ ಉದುರಬಹುದು.

ನೇರಳಾತೀತ ಬೆಳಕು ಮತ್ತು ಸುಣ್ಣದಂಶ ಇಲ್ಲದ ಮರಿಯ ಎಲುಬು ಮೆತ್ತಗಾಗುತ್ತದೆ. ಮೊದಲು ಕಾಣುವ ಲಕ್ಷಣ ಕಾಲಿನ ನಡುಕ; ಮುಂದೆ ದವಡೆ ರಬ್ಬರಿನಂತಾಗಿ ಹುಳುವನ್ನು ಅಗಿಯಲೂ ಆಗದು. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲಲ್ಲಿ ಬೇಕಾದ ಕಿರಣ ಇರುವುದಿಲ್ಲ. ಮರಿಗೆ ದಿನವೂ ಕ್ಯಾಲ್ಸಿಯಂ ಪುಡಿ ಸವರಿದ ಹುಳುಗಳನ್ನು ಕೊಡಬೇಕು. ಬೆಳೆದಂತೆ ಮೊಟ್ಟೆ, ಮಾಂಸ, ಹಣ್ಣು ಸೇರಿಸಿ ದಿನ ಬಿಟ್ಟು ದಿನ ಸಾಕು. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯದಿದ್ದರೆ ಸಾಲ್ಮೊನೆಲ್ಲಾ ಸೋಂಕು ತಗಲಬಹುದು.

ಚಳಿಗಾಲದಲ್ಲಿ ಟೆಗು ತಿಂಗಳುಗಟ್ಟಲೆ ಬಿಲದಲ್ಲಿ ಮಲಗುತ್ತದೆ. ಸಂತಾನಕಾಲದಲ್ಲಿ ರಾತ್ರಿಯ ಹೊತ್ತು ತನ್ನ ಮೈಯನ್ನು ಸುತ್ತಲಿನ ಗಾಳಿಗಿಂತ 10 ಡಿಗ್ರಿಯವರೆಗೂ ಬೆಚ್ಚಗಿಡಬಲ್ಲದೆಂದು 2016ರಲ್ಲಿ ಸಂಶೋಧಕರು ತೋರಿಸಿದರು. ಹಲ್ಲಿಗಳಲ್ಲಿ ಇದು ಅಪರೂಪದ ಶಕ್ತಿ. ಅಂಗೈಯಗಲದ ಮರಿ ಕೆಲವೇ ವರ್ಷಗಳಲ್ಲಿ ಒಂದು ಮೀಟರ್ ದಾಟುತ್ತದೆ. ಆಗ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಕೋಣೆಯೇ ಬೇಕು. ಸಾಕಲಾರದೆ ಹೊರಬಿಡುವುದು ಘೋರ ತಪ್ಪು. ಅಮೆರಿಕದ ಫ್ಲಾರಿಡಾದಲ್ಲಿ ಹೀಗೆ ಹೊರಬಿದ್ದ ಟೆಗುಗಳು ನೆಲೆಯೂರಿ, ನೆಲದ ಗೂಡುಗಳ ಮೊಟ್ಟೆಗಳನ್ನು ತಿನ್ನುತ್ತಿವೆ.

ಕಾನೂನು

ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಹಿಡಿಯುವುದು, ಕೊಲ್ಲುವುದು, ಮಾರುವುದು ಸಾಬೀತಾದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಟೆಗು ವನ್ಯಜೀವಿ ವ್ಯಾಪಾರದ ಸೈಟ್ಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿರುವ ಕಾರಣ, ಇದೇ ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳಂತೆ ಅದನ್ನು ಪಡೆದವರು ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು.

ಕೈಗೆ ಸಿಕ್ಕ ಉಡದ ಮರಿ

ಗಾಯವಿಲ್ಲದ ಮರಿಯನ್ನು ಹಿಡಿಯುವ ಅಗತ್ಯವೇ ಇಲ್ಲ. ತಾಯಿ ಬಿಟ್ಟುಹೋಗಿದೆ ಎಂಬ ಕನಿಕರ ಇಲ್ಲಿ ಸಲ್ಲದು, ಅದರ ತಾಯಿ ಎಂದೂ ಬಳಿಯಲ್ಲಿರುವುದಿಲ್ಲ. ಮನೆಯೊಳಗೆ ಬಂದಿದ್ದರೆ ನಾಯಿ, ಬೆಕ್ಕನ್ನು ಕಟ್ಟಿಹಾಕಿ ಬಾಗಿಲು ತೆರೆದಿಟ್ಟರೆ ತಾನೇ ಹೋಗುತ್ತದೆ. ಬಾವಿಗೆ ಬಿದ್ದಿದ್ದರೆ ಒರಟು ಹಗ್ಗವನ್ನೋ ಜಾಲಿಯ ಕೊಂಬೆಯನ್ನೋ ನೀರಿನ ತನಕ ಇಳಿಬಿಡಬೇಕು. ದ್ರಾಕ್ಷಿ ತೋಟದ ಬಲೆಗೆ ಸಿಕ್ಕಿಕೊಂಡಿದ್ದರೆ ಮೇಲೆ ಬಟ್ಟೆ ಹಾಕಿ ಕಣ್ಣು ಮುಚ್ಚಿ, ಎಳೆಯದೆ, ದಾರಗಳನ್ನು ಒಂದೊಂದಾಗಿ ಕತ್ತರಿಸಬೇಕು. ಗಾಯವಾಗಿದ್ದರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ನೆರಳಲ್ಲಿಟ್ಟು ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಬೇಕು. ಹಾಲು ಕುಡಿಸಬಾರದು, ಯಾವ ಹಲ್ಲಿಗೂ ಅದು ಆಹಾರವಲ್ಲ. ಇಲಾಖೆಯವರು ಬರುವ ತನಕ ಅಗಲವಾದ ಮುಚ್ಚಳದಲ್ಲಿ ಒಂದಿಷ್ಟು ನೀರಿಟ್ಟರೆ ಸಾಕು.